ಮಾತು ಮುಗಿಯಲೆಂದು ನಿಂತ ಆನೆ

"ಗುರುಗಳೇ, ಕಮಾಂಡಿಗೆ ಹೆಸರಿಟ್ಟವನು ನಾನು, ನಿಜ. ಅದನ್ನು ಟೈಪ್ ಮಾಡುವಾಗ ಇನ್ನೊಬ್ಬರು ಗಾಬರಿಯಲ್ಲಿ ತಪ್ಪಿದರೆ ಅದೂ ನನ್ನ ತಪ್ಪೇ?" ಎಂದು ಶಿಷ್ಯ ಕೇಳಿದ.

ಅವನಿಗೆ ರೇಗಿಹೋಗಿತ್ತು. ಒಂದು ಪಟ್ಟಣದ ನೀರಿನ ಪಂಪುಗಳನ್ನು ಕಂಪ್ಯೂಟರಿನಿಂದ ನಡೆಸುವ ತಂತ್ರಾಂಶ ಅವನದು. ಅದರಲ್ಲಿ ಎಲ್ಲವನ್ನೂ ಟೈಪ್ ಮಾಡಿಯೇ ಹೇಳಬೇಕು. ಪಂಪು ನಿಲ್ಲಿಸಲು ಅವನಿಟ್ಟ ಹೆಸರು 'ನೀರು-ಸರಬರಾಜು-ಪಂಪನ್ನು-ಸುರಕ್ಷಿತವಾಗಿ-ಸ್ಥಗಿತಗೊಳಿಸು'. ಶುರು ಮಾಡುವುದಕ್ಕೂ ಅಷ್ಟೇ ಉದ್ದ. ಕೊನೆಯ ಪದವೊಂದೇ ಬೇರೆ. ಮೊನ್ನೆ ಪೈಪು ಒಡೆದಾಗ ಪಂಪ್‌ಹೌಸಿನ ಹೆಂಗಸು ಮತ್ತೆ ಮತ್ತೆ ತಪ್ಪು ಟೈಪ್ ಮಾಡಿದಳು. ಅಷ್ಟರಲ್ಲಿ ತಗ್ಗಿನ ಮನೆಗಳಿಗೆಲ್ಲ ನೀರು ನುಗ್ಗಿತ್ತು. ಆಕೆಯನ್ನು ಕೆಲಸದಿಂದ ತೆಗೆಯಬೇಕೆಂದು ಶಿಷ್ಯ ಬರೆದುಕೊಡುವವನಿದ್ದ.

"ಅಷ್ಟು ಬಿಡಿಸಿ ಹೆಸರಿಟ್ಟರೂ ಜನಕ್ಕೆ ಆಗುವುದಿಲ್ಲವೆಂದರೆ ಇನ್ನೇನು ಮಾಡಲಿ?" ಎಂದ.

ಗುರು ಕತೆ ಹೇಳಿದರು.

ಒಬ್ಬ ಮಾವುತನಿದ್ದ. ಅವನ ಆನೆ ಮರದ ದಿಮ್ಮಿಗಳನ್ನು ಹಣೆಯಿಂದ ನೂಕಿ ಹೊಳೆಗೆ ಇಳಿಸುತ್ತಿತ್ತು. ಆ ಕಡೆಯ ಮಾವುತರೆಲ್ಲ ಆನೆಗೆ ಹೇಳುತ್ತಿದ್ದುದು ಗಿಡ್ಡ ಮಾತು. ನಡೆ, ನಿಲ್ಲು, ಹಿಂದೆ, ಅಷ್ಟೇ. ಇವನಿಗೆ ಅದು ಸಾಲಲಿಲ್ಲ. ತನ್ನ ಆನೆ ಹತ್ತರಲ್ಲಿ ಹನ್ನೊಂದಾಗಬಾರದು ಎಂಬ ಹುಚ್ಚು. ಹಳೆಯ ಮಾತುಗಳನ್ನೆಲ್ಲ ಮರೆಸಿ ಹೊಸದನ್ನು ಕಲಿಸಿದ. "ಗಜರಾಜನೇ, ದಯಮಾಡಿ ನಿನ್ನ ಪಾದಗಳನ್ನು ಮುಂದಕ್ಕೆ ಇಡು" ಎಂದರೆ ಆನೆ ನಡೆಯುತ್ತಿತ್ತು. "ಗಜರಾಜನೇ, ದಯಮಾಡಿ ನಿನ್ನ ಪಾದಗಳನ್ನು ಹಿಂದಕ್ಕೆ ಇಡು" ಎಂದರೆ ಹಿಂದೆ ಸರಿಯುತ್ತಿತ್ತು. 'ಗಜರಾಜನೇ' ಎಂದೊಡನೆ ಇದ್ದಲ್ಲೇ ನಿಂತು, ಮಾತು ಮುಗಿಯುವ ತನಕ ಕಾಯುವುದನ್ನೂ ಕಲಿಸಿದ್ದ. ನೋಡಿದವರು ಭೇಷ್ ಎಂದರು.

ಅವನ ಹೆಂಡತಿಗೆ ಮಾತ್ರ ತಲೆ ಚಿಟ್ಟು ಹಿಡಿದಿತ್ತು. ಬುತ್ತಿ ತಂದಾಗಲೆಲ್ಲ ದಾರಿಗೆ ಅಡ್ಡ ನಿಂತ ಆನೆ ಸರಿಯಲೆಂದು ಅವಳು ಕಾಯಬೇಕಿತ್ತು.

"ಏನ್ರೀ ಇದು ನಿಮ್ಮ ಪುರಾಣ! ಹಿಂದೆ ಅಂತ ಒಂದು ಮಾತು ಹೇಳೋಕೆ ನಿಮಗೇನು ಬಾಯಿ ನೋವಾ?" ಎಂದಳು.

"ನಿನಗೇನು ಗೊತ್ತಾಗುತ್ತೆ ಸುಮ್ನಿರು. ಹೀಗೆ ಹೇಳಿದ್ರೆ ಕೇಳ್ದೋರಿಗೆ ಎಲ್ಲಾ ಬಿಡಿಸಿ ಅರ್ಥ ಆಗುತ್ತೆ" ಎಂದ ಮಾವುತ.

ಒಂದು ದಿನ ಹೊಳೆಯ ಇಳಿಜಾರಿನಲ್ಲಿ ಅವನು ಜಾರಿ, ಆನೆ ನೂಕುತ್ತಿದ್ದ ದಿಮ್ಮಿಯ ಮುಂದೆ ಬಿದ್ದ. ದಿಮ್ಮಿ ಅವನ ತೊಡೆಯ ಮೇಲೇರಿತು. "ಗಜರಾಜನೇ" ಎಂದು ಕಿರುಚಿದ. ಆನೆ ತಕ್ಷಣ ನಿಂತಿತು, ಹಣೆಯ ಭಾರವನ್ನು ದಿಮ್ಮಿಯ ಮೇಲೆ ಬಿಟ್ಟುಕೊಂಡೇ. "ದಯಮಾಡಿ" ಎಂದ. ಅಲ್ಲಿಗೆ ಉಸಿರು ಕಟ್ಟಿತು. ಮತ್ತೆ ಮೊದಲಿನಿಂದ ಶುರು ಮಾಡಿದ. ಮತ್ತೆ ಅಲ್ಲಿಗೇ ನಿಂತುಹೋಯಿತು. ಹೆಂಡತಿ ಓಡಿಬಂದು "ಹಿಂದೆ! ಹಿಂದೆ!" ಎಂದು ಬಾಯಿ ಬಡಿದುಕೊಂಡಳು. ಆ ಮಾತು ಆನೆಗೆ ಮರೆತುಹೋಗಿತ್ತು. ಅದು ಕಿವಿಯಾಡಿಸುತ್ತ, ಒಡೆಯನ ಮುಖವನ್ನೇ ನೋಡುತ್ತ ನಿಂತಿತು. ಜನ ಸೇರಿ ಹಾರೆ ಹಾಕಿ ದಿಮ್ಮಿ ಮೀಟಿ ಅವನನ್ನು ಎಳೆದರು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಎಂಥ ದಡ್ಡ ಆನೆ ಗುರುಗಳೇ! ಒಡೆಯ ಕಣ್ಣೆದುರಿಗೇ ಒದ್ದಾಡುತ್ತಿದ್ದರೂ ಒಂದು ಹೆಜ್ಜೆ ಹಿಂದೆ ಸರಿಯಬಾರದಿತ್ತೇ?"

"ದಡ್ಡತನ ಆನೆಯದಲ್ಲಪ್ಪ. ನಿನ್ನ ಪಂಪಿನ ಹಾಗೆ ಅದೂ ಕಲಿಸಿದ ಉದ್ದ ಮಾತು ಮುಗಿಯಲೆಂದು ಕಾದಿತ್ತು" ಎಂದರು ಗುರು.