ಕಾಶಿಯಲ್ಲಿ ಬಿಟ್ಟ ಬೆಲ್ಲ

ಒಂದು ವರ್ಷ ದೇಶವನ್ನೆಲ್ಲ ಸುತ್ತಿ ಆಶ್ರಮಕ್ಕೆ ಮರಳಿದ ಶಿಷ್ಯನೊಬ್ಬ ಗುರುಗಳಿಗೆ ನಮಸ್ಕರಿಸಿ ಕೇಳಿದ:

"ಗುರುಗಳೇ, ದೇಶ ಸುತ್ತು, ಕೋಶ ಓದು ಎಂದು ನೀವೇ ಕಳಿಸಿದಿರಿ. ಹಿಮದ ಬೆಟ್ಟ ಕಂಡೆ, ಮರಳುಗಾಡು ಕಂಡೆ, ಮೂರು ಸಮುದ್ರ ಕಂಡೆ. ಇಷ್ಟರಲ್ಲಿ ದೊಡ್ಡದು ಯಾವುದೆಂದು ನನಗೇ ತಿಳಿಯುತ್ತಿಲ್ಲ. ತಾವು ಹೇಳಬೇಕು."

ಗುರುಗಳು ಹೇಳಿದರು:

ಒಬ್ಬ ನೇಕಾರನಿದ್ದ. ತಂಗಿಯ ಗಂಡ ಆಡಿದ ಒಂದು ಮಾತಿಗೆ ಮುನಿದು ಹನ್ನೆರಡು ವರ್ಷ ಅವಳ ಮನೆಗೆ ಕಾಲಿಟ್ಟಿರಲಿಲ್ಲ. ಆ ಗಂಡ ತೀರಿಕೊಂಡಾಗಲೂ ಹೋಗಲಿಲ್ಲ. ಅಂಥವನಿಗೆ ಪುಣ್ಯ ಸಂಪಾದಿಸುವ ಆಸೆ ಹುಟ್ಟಿತು. ನಗಬೇಡ, ನಮಗೆಲ್ಲ ಆ ಆಸೆ ಹುಟ್ಟುವುದು ಹಾಗೆಯೇ.

ಊರವರೊಂದಿಗೆ ಯಾತ್ರೆ ಹೊರಟ. ಗೋಧಿ ಉಣ್ಣುವ ನಾಡು, ಅಕ್ಕಿ ಉಣ್ಣುವ ನಾಡು ಎಲ್ಲವನ್ನೂ ದಾಟಿದ. ಕುಡಿಯಲು ನೀರು ಕೇಳುವುದನ್ನು ಎಂಟು ಭಾಷೆಗಳಲ್ಲಿ ಕಲಿತ. ಕೇಳಿದಲ್ಲೆಲ್ಲ ಯಾರಾದರೂ ಕೊಟ್ಟರು. ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಅಲ್ಲಿ ಬಿಟ್ಟು ಬರಬೇಕಲ್ಲ, ಜತೆಯವರು ಹಾಗಲಕಾಯಿ ಬಿಟ್ಟರು, ಸೋರೆಕಾಯಿ ಬಿಟ್ಟರು. ನೇಕಾರ ಮಾತ್ರ ಮೋಸ ಮಾಡಲಿಲ್ಲ. ತನಗೆ ಪ್ರಾಣವಾಗಿದ್ದ ಬೆಲ್ಲವನ್ನೇ ಬಿಟ್ಟ.

ಹಿಂತಿರುಗುವಾಗ ತಂಗಿಯ ಊರು ದಾರಿಯಲ್ಲೇ ಬಂತು. ಯಾತ್ರೆ ಮಾಡಿ ಬಂದವನು ಒಡಹುಟ್ಟಿದವಳನ್ನು ನೋಡದೆ ಹೋದರೆ ಜನ ಏನೆಂದಾರು ಎಂದು ಹೆದರಿ ಅವಳ ಬಾಗಿಲಲ್ಲಿ ನಿಂತ. ತಂಗಿ ಓಡಿ ಬಂದಳು. ಅವನನ್ನು ಕೂರಿಸಿ ಒಳಗೆ ಹೋಗಿ, ಬಂದವರಿಗೆ ಮೊದಲು ಕೊಡುವಂತೆ ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ತಂದಿಟ್ಟಳು.

"ಬೆಲ್ಲವನ್ನು ಕಾಶಿಯಲ್ಲಿ ಬಿಟ್ಟು ಬಂದೆನಮ್ಮ" ಎಂದ ನೇಕಾರ. ಹಾಗೆ ಹೇಳುವಾಗ ಅವನಿಗೆ ತುಸು ಹೆಮ್ಮೆಯೇ ಆಯಿತು.

"ನಾನು ಬಿಟ್ಟು ಹನ್ನೆರಡು ವರ್ಷವಾಯಿತಣ್ಣ. ನೀನು ಈ ಮನೆಯಲ್ಲಿ ಬಾಯಿ ಸಿಹಿ ಮಾಡಿಕೊಳ್ಳುವ ತನಕ ಮುಟ್ಟುವುದಿಲ್ಲ ಎಂದು ಹರಕೆ ಹೊತ್ತಿದ್ದೆ. ಇರಲಿ, ದೇವರಿಗೆ ಕೊಟ್ಟ ಮಾತು ದೊಡ್ಡದು" ಎಂದು ತಂಗಿ ತಟ್ಟೆಯನ್ನು ಒಳಗೆ ಒಯ್ದಳು.

ನೇಕಾರ ನೀರು ಮಾತ್ರ ಕುಡಿದು ಹೊರಟ. ವ್ರತ ಕೆಡಿಸಿಕೊಳ್ಳಲಿಲ್ಲವೆಂದು ಜತೆಯವರು ಹೊಗಳಿದರು. ಊರು ಸೇರಿದಾಗ ಜನ ಸುತ್ತುಗಟ್ಟಿ, ಏನೇನು ಕಂಡೆ ಹೇಳು ಎಂದರು. ಅವನು ಹಿಮದ ಬೆಟ್ಟದ ಮಾತು ತೆಗೆದ. ತಟ್ಟೆ ಹಿಡಿದ ತಂಗಿಯ ಕೈ ಕಣ್ಣ ಮುಂದೆ ಬಂತು. ಕಡಲಿನ ಮಾತು ತೆಗೆದ. ಮತ್ತೆ ಅದೇ ಕೈ. ಮಾತು ಅರ್ಧಕ್ಕೇ ನಿಂತಿತು. ಹೆಗಲ ಗಂಟನ್ನೂ ಇಳಿಸದೆ, ಎರಡು ದಿನದ ದಾರಿಯನ್ನು ಹಿಂದಕ್ಕೆ ನಡೆದ. ನೆಟ್ಟಗೆ ತಂಗಿಯ ಅಡುಗೆಮನೆಗೆ ಹೋಗಿ, ತಾನೇ ಒಂದು ಚೂರು ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡ. ಇನ್ನೊಂದು ಚೂರನ್ನು ಅವಳ ಬಾಯಿಗಿಟ್ಟ. ಇಬ್ಬರೂ ಅತ್ತರು.

ಶಿಷ್ಯ ಕಳವಳದಿಂದ ಕೇಳಿದ: "ಕಾಶಿಯಲ್ಲಿ ಹಿಡಿದ ವ್ರತ ಮುರಿಯಿತಲ್ಲ ಗುರುಗಳೇ! ಅಷ್ಟು ದೂರದ ಯಾತ್ರೆ ವ್ಯರ್ಥವಾಗಲಿಲ್ಲವೇ?"

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು: "ಅವನ ಯಾತ್ರೆ ಅಲ್ಲಿಗೆ ಮುಗಿಯಿತಪ್ಪ, ನೀನು ಯಾರ ಮನೆಗೆ ಕಾಲಿಡದೆ ದಾಟಿಕೊಂಡು ಇಲ್ಲಿಗೆ ಬಂದೆ?"