ಕೆಳಗಿಳಿದ ಕಣ್ಣು

ಓದುವವರ ದೃಷ್ಟಿ ಎಲ್ಲೆಲ್ಲಿ ಹರಿಯುತ್ತದೆಂದು ಗುರುತು ಹಾಕುವ ಕ್ಯಾಮೆರಾವೊಂದು ಪರದೆಯ ಬುಡದಲ್ಲಿ ಕುಳಿತಿತ್ತು. ಅದರ ಮುಂದೆ ಪುಟ್ಟತಾಯಮ್ಮ ಎಂಬಾಕೆ ಪರದೆಯ ಮೇಲಿನ ಕನ್ನಡದ ಸಾಲೊಂದನ್ನು ಓದಿ ಮುಗಿಸಿದಳು. ಕೂಡಲೇ ಕ್ಯಾಮೆರಾ ಆಕೆಯ ಕಣ್ಣನ್ನು ತರಾಟೆಗೆ ತೆಗೆದುಕೊಂಡಿತು.

"ಸಾಲಿನ ಮೇಲೆ ನೆಟ್ಟಗೆ ನಡೆಯಲು ನಿನಗೆ ಬಾರದು. ನಡುವೆ ಜಾರಿ ಕೆಳಗೆ ಬಿದ್ದೆ. ಈಕೆಗೆ ಗಮನವಿಲ್ಲವೆಂದು ಬರೆದು ಈ ಓದನ್ನೇ ತೆಗೆದುಹಾಕುತ್ತೇನೆ."

"ನಾನು ಬೀಳಲಿಲ್ಲ, ಇಳಿದೆ," ಎಂದಿತು ಕಣ್ಣು. "ಕೆಳಗೆ ಒತ್ತಕ್ಷರವಿತ್ತು."

"ದೇಶ ವಿದೇಶದ ಕಣ್ಣುಗಳನ್ನು ಪರೀಕ್ಷಿಸಿದವನು ನಾನು. ಯಾವುದೂ ಹೀಗೆ ಇಳಿದದ್ದಿಲ್ಲ. ಕೆಳಗೆ ನೇತಾಡುವುದೆಲ್ಲ ಬರೀ ಅಲಂಕಾರ."

"ಹಾಗಾದರೆ ಇಳಿಯದೆ ನೀವೇ ಓದಿ ತೋರಿಸಿ."

ಕ್ಯಾಮೆರಾ ಎಲ್ಲಿಯೂ ಬಾಗದೆ ಗಂಭೀರವಾಗಿ ಓದಿತು: "ಮಾದೇವನು ಕತೆಗೆ ನೀರು ಕುಡಿಸಿದನು."

ಪುಟ್ಟತಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ನೀರೆಲ್ಲ ಕತೆಗೇ ಕುಡಿಸಿಬಿಟ್ಟರೆ, ಪಾಪ, ಕತ್ತೆ ಏನಪ್ಪ ಕುಡಿಯಬೇಕು?"

ಕ್ಯಾಮೆರಾಕ್ಕೆ ಮುಖಭಂಗವಾಯಿತು. ಆದರೂ ಅದು ಪಟ್ಟು ಬಿಡಲಿಲ್ಲ. "ಕತ್ತೆಯೋ ಕತೆಯೋ, ನೀನು ಸಾಲು ಬಿಟ್ಟದ್ದು ತಪ್ಪು. ಹಾಗೆಂದೇ ಬರೆಯುತ್ತೇನೆ."

ಕಣ್ಣು ಇನ್ನಷ್ಟು ಅಗಲವಾಗಿ ತೆರೆದುಕೊಂಡಿತು.

"ಧಾರಾಳವಾಗಿ ಬರೆಯಿರಿ. ಆದರೆ ನನ್ನದು 'ತಪ್ಪು' ಎಂದು ಬರೆಯಬೇಕಾದರೂ, ಸ್ವಾಮಿ, ನೀವು ಸಾಲು ಬಿಟ್ಟು ಕೆಳಗಿಳಿಯಲೇಬೇಕು."