ಕರೆದ ಮೇಲೆ ಬಂದ ಹಾಲು

ನಿನ್ನನ್ನು ಊಟಕ್ಕೆ ಕರೆಯುತ್ತೇವೆ, ಹಸುವಿನ ಹಾಲನ್ನೂ ಕರೆಯುತ್ತೇವೆ. ಎರಡೂ ಒಂದೇ ಮಾತು ಯಾಕಜ್ಜಿ ಎಂದು ತಲೆ ತಿಂದೆಯಲ್ಲ ಪುಟ್ಟಿ, ಕೇಳು.

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳ ಮೈ ಸರಿಯಾಗಿ ಒಣಗಿರಲಿಲ್ಲ. ಮಾತುಗಳಂತೂ ಬೆರಳಲ್ಲಿ ಎಣಿಸುವಷ್ಟೇ ಇದ್ದವು. ಯಾವುದಕ್ಕೆ ಏನೆನ್ನಬೇಕೆಂದು ತಿಳಿಯದೆ ಎಲ್ಲರೂ ತಬ್ಬಿಬ್ಬಾಗಿ ಓಡಾಡುತ್ತಿದ್ದರು.

ಆಗ ಸಣ್ಣೀರಿ ಎಂಬ ತಾಯಿಯೊಬ್ಬಳು ಇದ್ದಳು. ಜ್ವರ ಬಂದು ಅವಳ ಎದೆಹಾಲು ಬತ್ತಿಹೋಗಿತ್ತು. ಕಂಕುಳಲ್ಲಿದ್ದ ಕೂಸು ಬೆಳಗಿನಿಂದ ಅತ್ತೂ ಅತ್ತೂ, ಈಗ ಅಳುವುದಕ್ಕೂ ಆಗದೆ ಸುಮ್ಮನಾಗಿತ್ತು. ಸಣ್ಣೀರಿಗೆ ಜೀವವೇ ಬಾಯಿಗೆ ಬಂತು.

ಎದುರಿಗೆ ಒಂದು ಕೆಂಪು ಹಸು ನಿಂತಿತ್ತು. ಅದರ ಕೆಚ್ಚಲು ತುಂಬಿ ಬಿಗಿದಿತ್ತು.

"ನನ್ನ ಕೂಸಿಗೆ ಒಂದು ಗುಟುಕು ಕೊಡವ್ವಾ," ಎಂದು ಸಣ್ಣೀರಿ ಕೆಚ್ಚಲು ಹಿಂಡಿದಳು. ಒಂದು ಹನಿಯೂ ಬರಲಿಲ್ಲ.

"ಬಾಲ ಎಳಿ," ಎಂದಿತು ಕಾಗೆ. ಎಳೆದಳು. ಸಿಕ್ಕಿದ್ದು ಒದೆ.

"ಕಿವಿಗೆ ಊದು," ಎಂದಿತು ಗಾಳಿ. ಊದಿದಳು. ಹಸು ತಲೆ ಕೊಡವಿತು.

"ಕೆಳಗೆ ಕೂತ್ಕೊ. ಹಣ್ಣಾದ್ರೆ ತಾನೇ ಉದುರುತ್ತೆ," ಎಂದಿತು ಆಮೆ. ಪಾಪ, ಸ್ವಲ್ಪ ಹೊತ್ತು ಕೂತೂ ನೋಡಿದಳು.

ಹಸುವಿಗೂ ಗಲಿಬಿಲಿ. "ಕೊಡಬೇಕು ಅಂತ ನಂಗೂ ಆಸೆ ಕಣವ್ವಾ. ಯಾಕೋ ಇಳೀತಾನೇ ಇಲ್ಲ."

"ನಿನ್ನ ಕರು ಎಲ್ಲಿ?"

"ಬೆಳಿಗ್ಗೆ ಗುಡ್ಡದಾಚೆ ಹೋಯ್ತು. ಕೂಗಿ ಕೂಗಿ ನನ್ನ ಗಂಟಲು ಕಟ್ಟಿದೆ."

ಸಣ್ಣೀರಿಗೆ ಹಾಲಿನ ಮಾತು ಮರೆತೇಹೋಯಿತು. ಮಗುವಿಗಾಗಿ ಪಡುವ ಸಂಕಟ ಅವಳಿಗೆ ಗೊತ್ತಿಲ್ಲವೇ? ಎದ್ದು ನಿಂತು, "ಬಾ ಮಗಾ, ಬಾ! ನಿಮ್ಮವ್ವ ಇಲ್ಲಿದ್ದಾಳೆ, ಬಾ!" ಎಂದು ಕರೆದಳು. ತನ್ನ ದಡ್ಡ ಸಲಹೆಗೆ ನಾಚಿಕೊಂಡಿದ್ದ ಗಾಳಿ ಆ ಕರೆಯನ್ನು ಹೊತ್ತು ಗುಡ್ಡ ದಾಟಿಸಿತು. ಕರೆದಳು, ಮತ್ತೆ ಕರೆದಳು, ದನಿ ಒಡೆಯುವ ತನಕ ಕರೆದಳು.

ಗುಡ್ಡದಾಚೆಯಿಂದ "ಅಂಬಾ" ಎಂದು ಒಂದು ಎಳೆಯ ದನಿ ಬಂತು.

ಅಷ್ಟೇ! ಕರು ಬಂದು ಮುಟ್ಟುವ ಮೊದಲೇ ಹಸು ಸೊರ ಬಿಟ್ಟಿತು. ಕೆಚ್ಚಲಿನಿಂದ ಹಾಲು ತಾನಾಗಿ ಇಳಿದು ತೊಟ್ಟಿಕ್ಕತೊಡಗಿತು. ಕರು ಓಡಿ ಬಂದು ಒಂದು ಕಡೆ ಬಾಯಿ ಹಾಕಿತು. ಸಣ್ಣೀರಿ ಇನ್ನೊಂದು ಕಡೆ ಬೊಗಸೆ ಒಡ್ಡಿದಳು. ಕೂಸು ಕುಡಿಯಿತು, ಕಣ್ಣು ಬಿಟ್ಟಿತು. ಸಣ್ಣೀರಿ ಅತ್ತೇಬಿಟ್ಟಳು.

ಎಲ್ಲರೂ ಬಂದು ಮುತ್ತಿಕೊಂಡರು. "ಹಾಲಿಗೆ ಏನ್ ಮಾಡಿದೆ? ಏನ್ ಮಾಡಿದೆ?"

"ನಂಗೇನು ಗೊತ್ತು? ಕರೆದೆ."

ಕರೆದದ್ದು ಕರುವನ್ನೋ ಹಾಲನ್ನೋ, ಯಾರೂ ವಿಚಾರಿಸಲಿಲ್ಲ. ಅಂದಿನಿಂದ ಹಾಲು ಕರೆಯುವುದು ಎಂದೇ ಆಯಿತು. ಮೇಲೆ ಬಿಗಿದುಕೊಂಡು ನಿಂತಿದ್ದ ಮೋಡವೂ ಇದನ್ನು ಕೇಳಿಸಿಕೊಂಡು, ಗುಡುಗಿ ಭೂಮಿಯನ್ನು ಕರೆಯಿತು. ಆಮೇಲೆ ಧಾರಾಳವಾಗಿ ಮಳೆಗರೆಯಿತು. ಹಾಗಾದರೆ ಬಟ್ಟೆಗೆ ಅಂಟಿದ ಕಲೆಗೂ ಯಾಕೆ ಕರೆ ಅನ್ನುತ್ತಾರೆ ಎಂದು ಮಾತ್ರ ಕೇಳಬೇಡ. ಅಲ್ಲಿಗೆ ಬಂದರೆ ನನಗೂ ತಲೆ ಕೆಡುತ್ತದೆ.

ಅದಕ್ಕೇ ನೋಡು ಪುಟ್ಟಿ, ಇವತ್ತಿಗೂ ನಿಮ್ಮಮ್ಮ ಚೊಂಬು ಹಿಡಿದು ಕೊಟ್ಟಿಗೆಗೆ ಹೋದರೆ ಮೊದಲು "ಬಾ ಮಗಾ" ಎಂದು ಕರುವನ್ನು ಕರೆಯುತ್ತಾಳೆ. ಅದು ತಾಯಿಯ ಹತ್ತಿರ ಬಂದ ಮೇಲೇ ಹಸು ನಮಗೂ ಹಾಲು ಬಿಡುವುದು.